ಮುಳುಗುವ ಮನೆಗಳ ಕಂಬ ಇಳಿಸುವ ಗುತ್ಯಪ್ಪ

ಬೆಳಕು ಹರಿಯುವ ಹೊತ್ತಿಗೆ ಗುತ್ಯಪ್ಪ ಮಾಡಿನ ಮೇಲಿದ್ದಾರೆ. ಹೆಂಚು ನಿನ್ನೆಯೇ ಇಳಿದಿದೆ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾರೆ, ಬೆಣೆ ಅಲುಗಿ ಹೊರಬರುತ್ತದೆ. ಈ ಮನೆಗೆ ಕಬ್ಬಿಣದ ಮೊಳೆ ಒಂದೂ ಬಿದ್ದಿಲ್ಲ. ಅಂಗಳದಲ್ಲಿ ಮನೆಯ ಯಜಮಾನಿ ಶೇಷಮ್ಮ ಸೆರಗು ಹೊದ್ದು ಮೇಲೆ ನೋಡುತ್ತ ಕೂತಿದ್ದಾರೆ.

ಶರಾವತಿಗೆ ಕಟ್ಟೆ ಏಳುತ್ತಿದೆ. ಹೊಸನಗರ ಸೀಮೆಯ ಈ ಊರಿಗೂ ಬರುವ ಮಳೆಗಾಲಕ್ಕೆ ನೀರು ಬರುತ್ತದಂತೆ. ನಾಲ್ಕು ತಲೆಮಾರು ಬಾಳಿದ ಮನೆಯನ್ನು ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ರಿಪ್ಪನ್‌ಪೇಟೆ ಕಡೆಯ ಹೊಸ ಜಾಗದಲ್ಲಿ ಇದೇ ಮನೆಯನ್ನು ಮತ್ತೆ ನಿಲ್ಲಿಸಬೇಕೆಂಬುದು ಶೇಷಮ್ಮನವರ ಹಟ. ಇದನ್ನು ಕಟ್ಟಿದ್ದು ಗುತ್ಯಪ್ಪನವರ ಅಜ್ಜ.

"ಅಜ್ಜ ಕೂರಿಸಿದ ಬೆಣೆ. ಬಿಡೋಕೆ ಅದಕ್ಕೂ ಮನಸ್ಸಿಲ್ಲ," ಎನ್ನುತ್ತಾರೆ ಗುತ್ಯಪ್ಪ.

ಅರವತ್ತಾರರ ಗುತ್ಯಪ್ಪ ಎರಡು ಬೇಸಿಗೆಯಲ್ಲಿ ಹನ್ನೊಂದು ಮನೆ ಇಳಿಸಿದ್ದಾರೆ. ದಿನಕ್ಕೆ ನಾಲ್ಕು ಕಂಬ, ಹೆಂಚು ಹೊರುವ ಮೂವತ್ತು ಪಕಾಸಿ. ಓದು ಬಾರದು. ಗುರುತಿಗೆ ಉಳಿಯಿಂದ ಗೀರು ಹಾಕುತ್ತಾರೆ. ಕಂಬವಾದರೆ ಬುಡದಲ್ಲಿ ಮೂರು ಗೀರು. ಮರ ಕಾಡಿನಲ್ಲಿ ನಿಂತಂತೆಯೇ ಮನೆಯಲ್ಲೂ ನಿಲ್ಲಬೇಕು, ತಲೆಕೆಳಗಾದರೆ ಆ ಮನೆಗೆ ಏಳಿಗೆಯಿಲ್ಲ ಎಂದು ಇಲ್ಲಿಯವರು ನಂಬುತ್ತಾರೆ. ಹೊಗೆ ಹಿಡಿದು ಕಪ್ಪಾದ ಕಂಬದಲ್ಲಿ ಬುಡ ಯಾವುದು, ತುದಿ ಯಾವುದು ಎಂದು ಎಲ್ಲರಿಗೂ ತಿಳಿಯುವುದಿಲ್ಲ.

ಇಳಿಸಿದ್ದರಲ್ಲಿ ಮತ್ತೆ ಎದ್ದದ್ದು ಮೂರೇ ಮನೆ. ಉಳಿದವು ಎಲ್ಲೆಲ್ಲೋ ಸೋಗೆಯಡಿ ರಾಶಿ ಬಿದ್ದು ಗೆದ್ದಲಿಗೆ ಸಿಕ್ಕಿವೆ. ಆ ಮೂರರಲ್ಲೊಂದು ಇವರನ್ನು ಕರೆಯದೆ ಎದ್ದದ್ದು. ನೋಡಲು ಹೋದ ಗುತ್ಯಪ್ಪನವರಿಗೆ ಜಗಲಿ ಹತ್ತುವಾಗಲೇ ಮೂರು ಗೀರು ಕಂಡವು, ಮೇಲೆ, ತೊಲೆಯ ಪಕ್ಕದಲ್ಲಿ.

"ಹೇಳ್ಲಿಲ್ಲ. ಹೇಳಿದ್ರೆ ಮನೆ ಪೂರಾ ಇಳಿಸ್ಬೇಕು. ಒಳಗೆ ಬಾಣಂತಿ ಮಲಗಿದ್ಲು. ಬೆಲ್ಲ ನೀರು ಕೊಟ್ರು, ಕುಡ್ದು ಬಂದೆ. ಊರಿನ ಹೆಸರು ಬರೀಬೇಡಿ."

ಶೇಷಮ್ಮನವರ ಹೊಸ ಜಾಗ ಇನ್ನೂ ಕುರುಚಲು ಗುಡ್ಡ. ಅದು ಹಸನಾಗಿ ಕಂಬ ಏಳುವುದಕ್ಕೆ ಒಂದು ವರ್ಷವೋ ಎರಡೋ. ಗುತ್ಯಪ್ಪನವರ ಬಲಗಣ್ಣಿಗೆ ಪೊರೆ ಬಂದಿದೆ, ಏಣಿ ಇಳಿಯುವಾಗ ಕೆಮ್ಮು ಬಿಡುವುದಿಲ್ಲ. ಕೆಳಗೆ ಬಂದವರು ಶೇಷಮ್ಮನವರ ಕೈ ಹಿಡಿದು, ಇಳಿಸಿಟ್ಟ ಕಂಬದ ಮೇಲೆ ಆಡಿಸುತ್ತಾರೆ.

"ಸಿಕ್ತಾ? ಇದು ಬುಡ."

"ನಂಗ್ಯಾಕೆ ಕಲಿಸ್ತೀಯ ಗುತ್ಯಣ್ಣ? ಆಮೇಲೆ ಬರದೇ ತಪ್ಪಿಸ್ಕಳಕ್ಕೆ ನೋಡ್ತೀಯ?"

ಗುತ್ಯಪ್ಪ ನಗುತ್ತಾರೆ, ಕೆಮ್ಮುತ್ತಾರೆ. ಶೇಷಮ್ಮ ಕೈ ತೆಗೆಯುವುದಿಲ್ಲ. ಗೀರನ್ನು ಮತ್ತೊಮ್ಮೆ, ಒಂದು, ಎರಡು, ಮೂರು ಎಂದು ಮುಟ್ಟಿ ನೋಡುತ್ತಾರೆ.

"ಕರೆದ್ರೆ ಬತ್ತೀನಿ ತಂಗಿ," ಎನ್ನುತ್ತಾರೆ ಗುತ್ಯಪ್ಪ. "ನಾನಿಲ್ದಿದ್ರೂ ಅಡ್ಡಿಲ್ಲ. ಬುಡ ನೆಲದಲ್ಲಿರ್ಲಿ."