ಸುಮ್ಮನೆ ಕುಳಿತ ದೇವರು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಕಡೆಗೆ ಬೇರೆಯವರ ತಲೆಗೆ ಕಟ್ಟುವ ಮನಸ್ಸಾಗುತ್ತದೆ.

ನಾವು ಜೈನರು, ಏಕಸಂಬಿಯ ಕಡೆ ಕಬ್ಬಿನ ಹೊಲ. ಪಂಪಿನ ಮೋಟಾರು ಸುಟ್ಟಾಗಲೆಲ್ಲ ಅಪ್ಪ ತನ್ನ ಮುಸ್ಲಿಂ ಗೆಳೆಯನ ವೈಂಡಿಂಗ್ ಅಂಗಡಿಗೇ ಹೋಗುತ್ತಿದ್ದ. ನನಗೆ ಅವರು ಚಾಚಾ. ಅವರು ತಾಮ್ರದ ತಂತಿ ಸುತ್ತುತ್ತ ಕೂತರೆ ಅಪ್ಪ ಎದುರಿನ ಸ್ಟೂಲಿನ ಮೇಲೆ. ನಲವತ್ತು ವರ್ಷದಿಂದ ಅದೇ ಜಗಳ, ಅದೇ 'ಲೇ', ಅದೇ ನಗು.

"ನಮ್ಮ ಮಾಲಕ ಆರ್ ದಿನದಾಗ ಜಗತ್ತೆಲ್ಲಾ ಮಾಡಿದಾ," ಎನ್ನುತ್ತಿದ್ದರು ಚಾಚಾ. "ನಿಮ್ಮ ದೇವ್ರ ನೋಡ್ಲೇ, ಏನೂ ಮಾಡಿಲ್ಲ, ಸುಮ್ನ ಕುಂತಾನ."

"ಮಾಡಿದಾಂವ ಇದ್ರ ಪಹಣಿ ಉತಾರದಾಗ ಹೆಸ್ರ ಇರ್ಬೇಕಲ್ಲಲೇ? ನನ್ನ ಹೊಲದ ಉತಾರಾ ತಗಸಿ ನೋಡು, ನಮ್ಮಜ್ಜನ ಹೆಸ್ರ ಐತಿ."

ಒಂದು ದಿನ ನಗು ತಡೆಯಲಾಗದೆ ಇದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್‌ಗೆ ಹಾಕಿದೆ. ಯಾವನೋ ಪುಣ್ಯಾತ್ಮ ಅಪ್ಪನ ಮಾತು ಕತ್ತರಿಸಿ, ಚಾಚಾನ ಮಾತನ್ನಷ್ಟೇ ಊರೆಲ್ಲ ಹಂಚಿದ.

ಮೂರನೆಯ ದಿನ ಮಧ್ಯಾಹ್ನ ಚಾಚಾನ ಅಂಗಡಿಯಿಂದ ಫೋನು ಬಂತು. ಅಪ್ಪನೂ ನಾನೂ ಸ್ಕೂಟರಿನಲ್ಲಿ ಓಡಿದೆವು. ಅಂಗಡಿಯ ಮುಂದೆ ನಮ್ಮ ಜೈನರ ಹುಡುಗರೇ ಎಂಟು-ಹತ್ತು ಮಂದಿ. ಒಬ್ಬನ ಕೈಯಲ್ಲಿ ಶಟರ್ ಎಳೆಯುವ ಕೊಕ್ಕೆ. "ದೇವ್ರಿಗೆ ಅಂದಾನ, ಇನ್ನ ಇಲ್ಲಿ ಅಂಗಡಿ ಇಡಂಗಿಲ್ಲ" ಎನ್ನುತ್ತಿದ್ದರು. ಚಾಚಾ ಅರ್ಧ ಸುತ್ತಿದ ತಂತಿ ಹಿಡಿದು ಒಳಗೆ ನಿಂತಿದ್ದರು.

ಅಪ್ಪ ಕೊಕ್ಕೆ ಹಿಡಿದವನನ್ನೇ ಕೇಳಿದ. "ಜಗತ್ತ ಯಾರ್ ಮಾಡ್ಯಾರೋ?"

"ದೇವ್ರು."

"ಯಾ ದೇವ್ರು? ಬಸದ್ಯಾಗ ಕುಂತಾನಲ್ಲ, ಅಂವಾ?"

ಹುಡುಗ ಹಿಂದೆ ನಿಂತವರ ಕಡೆ ತಿರುಗಿ ನೋಡಿದ.

"ಜಗತ್ತ ಯಾರೂ ಮಾಡಿಲ್ಲ, ಅದು ಅನಾದಿ ಅಂತ ಮುನಿ ಮಹಾರಾಜ್ರು ಪ್ರತಿ ಚಾತುರ್ಮಾಸದಾಗ ಹೇಳ್ತಾರ. ನೀವು ಹೊರಗ ಮೊಬೈಲ್ ತಿಕ್ಕೋತ ಕುಂತಿರ್ತೀರಿ. ಇಂವಾ ಅಂದಿದ್ದು ನಮ್ಮ ಶಾಸ್ತ್ರನ. ನಮ್ಮ ಧರ್ಮ ನಿಮಗಿಂತ ಇವಗ ಚಲೋ ಗೊತ್ತೈತಿ."

ಹಿಂದೆ ನಿಂತವನೊಬ್ಬ ಕಿಸಕ್ಕೆಂದ. ಕೊಕ್ಕೆ ಕೆಳಗಿಳಿಯಿತು. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಗೆದ್ದೆವು ಅಂದುಕೊಂಡೆ, ಹುಚ್ಚಿ ನಾನು.

ಮುಂದಿನ ವಾರ ಅಪ್ಪ ಸರಿಯಾಗಿಯೇ ಓಡುತ್ತಿದ್ದ ಮೋಟಾರನ್ನು ಬಿಚ್ಚಿಸಿ ಅಂಗಡಿಗೆ ತಂದ. ನಾನೂ ಜೊತೆಗಿದ್ದೆ. ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಕಾದ. ಚಾಚಾ ಮೋಟಾರನ್ನಷ್ಟೇ ತಿರುಗಿಸಿ ನೋಡುತ್ತಿದ್ದರು. ಕೊನೆಗೆ ಅಪ್ಪನೇ ಕೆಣಕಿದ. "ಏನಲೇ, ನಿಮ್ಮ ಮಾಲಕ ಈಗ ಏನ್ ಮಾಡಾಕತ್ತಾನ?"

ಚಾಚಾ ಮೊದಲು ನನ್ನ ಕೈ ನೋಡಿದರು. ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎರಡೂ ಅಂಗೈ ಬಿಚ್ಚಿ ತೋರಿಸಿದೆ.

"ಮೋಟಾರ್ ಚಲೋ ಐತ್ರಿ, ಸಾವ್ಕಾರ್ರ," ಎಂದರು ಅಪ್ಪನಿಗೆ. "ತಗೊಂಡ್ ಹೋಗ್ರಿ."