ಎಣ್ಣೆ ಸವರಿದ ಕಲ್ಲು

ನನ್ನ ಮೀನಿನ ತೊಟ್ಟಿಗೆ ಸಿಂಗಾರಕ್ಕೆಂದು ಇಳಿಯುವ ಯಾವ ಕಲ್ಲೂ ಮೊದಲು ನನ್ನ ಕೈಯಲ್ಲಿ ಪಾಸಾಗಬೇಕು. ಹೊಳೆಯಿಂದ ತಂದ ಕಲ್ಲನ್ನು ಗಟ್ಟಿ ಬ್ರಶ್ಶಿನಿಂದ ಉಜ್ಜುತ್ತೇನೆ. ಸಂದಿಯ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆದಕುತ್ತೇನೆ. ಸೋಪು ಮುಟ್ಟಿಸುವುದಿಲ್ಲ. ಒಣಗಿದ ಮೇಲೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡುತ್ತೇನೆ. ನೊರೆ ಎದ್ದರೆ ಕಲ್ಲಿನಲ್ಲಿ ಸುಣ್ಣ ಇದೆ ಎಂದರ್ಥ, ಅದು ಕಾಂಪೌಂಡಿನ ಆಚೆಗೆ. ನೊರೆ ಬರದಿದ್ದರೆ ಬಕೆಟ್ಟಿನಲ್ಲಿಟ್ಟು ಬಿಸಿನೀರು ಹುಯ್ಯುತ್ತೇನೆ. ಒಲೆಯ ಮೇಲಿಟ್ಟು ಕುದಿಸುವುದಿಲ್ಲ; ನೀರು ಕುಡಿದ ಕಲ್ಲು ಸಿಡಿಯುತ್ತದೆ. ಹಾಸನದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದವಳು ನಾನು. ಕತ್ತರಿಗೊಂದು ನಿಯಮ, ಕಲ್ಲಿಗೊಂದು ನಿಯಮ ನನಗೆ ಬರುವುದಿಲ್ಲ.

ನನ್ನ ಬೀಗಿತ್ತಿಗೆ, ಅಂದರೆ ಸೊಸೆಯ ತಾಯಿಗೆ, ನಿಯಮವೆಂಬುದೇ ಇಲ್ಲ. ಹಳ್ಳಿಮೈಸೂರಿನ ಹತ್ತಿರ ಅವರ ಜಮೀನು. ಹೇಳದೆ ಕೇಳದೆ ಬರುತ್ತಾರೆ, ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಡುತ್ತಾರೆ, ನನ್ನ ಅಡುಗೆಮನೆಯ ಡಬ್ಬಿಗಳನ್ನು ಎತ್ತಿಟ್ಟು “ಇಂಗಿದ್ರೆ ಕೈಗೆ ಸಿಕ್ತವೆ ಕಣ್ರೀ” ಎನ್ನುತ್ತಾರೆ. ಮಗನ ಮದುವೆಯ ಬೀಗರೂಟದಲ್ಲಿ ನಾನು ಬಾಡಿನ ತುಂಡು ಎಣಿಸಿ ಬಡಿಸಿದೆ ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಎಣಿಸಿದ್ದು ನಿಜ. ಕೊನೆಯ ಪಂಕ್ತಿಯವರಿಗೂ ತುಂಡು ಸಿಕ್ಕಿತು ಎಂಬುದನ್ನು ಮಾತ್ರ ಅವರು ಎಲ್ಲೂ ಹೇಳುವುದಿಲ್ಲ.

ಹೋದ ವರ್ಷ ತೊಟ್ಟಿಯಲ್ಲಿ ಒಂದು ಜೊತೆ ಏಂಜಲ್ ಮೀನುಗಳಿದ್ದವು. ಅಂಗಿಯ ಗುಂಡಿಯಷ್ಟು ಗಾತ್ರವಿದ್ದಾಗ ತಂದು ಸಾಕಿದವು. ಹೆಣ್ಣು ಮೊಟ್ಟೆ ತುಂಬಿಕೊಂಡು ಉಬ್ಬಿತ್ತು. ಈ ಜಾತಿಯದು ನೆಟ್ಟಗೆ ನಿಂತ ನುಣುಪಾದ ಮೇಲ್ಮೈಗೆ ಮೊಟ್ಟೆ ಅಂಟಿಸುತ್ತದೆ, ನನ್ನಲ್ಲಿದ್ದದ್ದೆಲ್ಲ ಗುಂಡುಕಲ್ಲು. ಹಿಂದಿನ ಸಲ ಗಾಳಿಯ ಕೊಳವೆಗೆ ಅಂಟಿಸಿದ ಮೊಟ್ಟೆಯೆಲ್ಲ ಉದುರಿ ಹಾಳಾಗಿತ್ತು. ಈ ಸಲ ಮರಿ ಮಾಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದೆ. ನಿಂತ ಕಲ್ಲು ಬೇಕಾಗಿದೆ ಎಂಬುದನ್ನು ಸೊಸೆ ಫೋನಿನಲ್ಲಿ ತಾಯಿಗೆ ಹೇಳಿದಳು.

ತಾಯಿ ಬಂದಿಳಿದರು. ರಸಗೊಬ್ಬರದ ಚೀಲ, ಅದರೊಳಗೆ ಹೊಸ ರವಿಕೆ ಕಣದಲ್ಲಿ ಸುತ್ತಿದ ಕಲ್ಲುಗಳು.

“ತಗಳಿ ಬೀಗ್ರೆ, ನಮ್ ಅಳ್ಳದ ಕಲ್ಲು. ನಿಂತ್ಕಳವು, ಮನಿಕ್ಕಳವು, ಎಲ್ಲಾ ಅವೆ.”

ಆಕಾರಕ್ಕೆ ಕೊಂಕು ಹೇಳುವಂತಿರಲಿಲ್ಲ. ಒಂದಂತೂ ಹಲಗೆಯ ಹಾಗೆ ಚಪ್ಪಟೆ, ಬುಡ ಅಗಲ. ಎತ್ತಿಕೊಂಡೆ, ಕೈಯಿಂದ ಜಾರಿತು. ಮೂಸಿದೆ.

“ಏನು ಹಚ್ಚಿದೀರಿ ಇದಕ್ಕೆ?”

“ಅರಳೆಣ್ಣೆ. ಮನೇಲೇ ಬೇಯ್ಸಿ ತೆಗ್ದಿದ್ದು. ಬೀಗ್ರ ಮನೆಗೆ ಬೋಳ್ ಕಲ್ಲು ತರಾಕಾಯ್ತದಾ? ತ್ವಾಟದ ಮುನಿಯಪ್ಪಂಗೆ ಅಚ್ಚಂಗೇ ಅಚ್ಚಿವ್ನಿ.”

ಅವರ ತೋಟದ ಮೂಲೆಯಲ್ಲಿ ದೇವರೆಂದು ನಿಲ್ಲಿಸಿದ ಕಲ್ಲೊಂದಿದೆ. ಅದಕ್ಕೆ ಎಣ್ಣೆ ಸವರಿ ಸವರಿ ಕಪ್ಪಗೆ ಮಿನುಗಿಸಿಟ್ಟಿದ್ದಾರೆ. ಕಲ್ಲು ಬೂದಿಬಣ್ಣಕ್ಕೆ ತಿರುಗಿದರೆ ಮನೆಯ ಹೆಂಗಸರ ಮರ್ಯಾದೆ ಹೋಯಿತೆಂದೇ ಲೆಕ್ಕ.

“ಇದು ದೇವರ ಗುಡಿಯಲ್ಲ ಬೀಗ್ರೆ, ಮೀನಿನ ತೊಟ್ಟಿ. ನೀರಿನ ಮೇಲೆ ಎಣ್ಣೆ ಪದರ ಕಟ್ಟಿದರೆ ಮೀನಿಗೆ ಉಸಿರು ಕಟ್ಟುತ್ತೆ.”

“ಮೀನ್ಗೆ ಎಣ್ಣೆ ಆಗಾಕಿಲ್ವಾ? ನಾವು ಉರಿಯದು ಅದ್ರಲ್ಲೇ ಅಲ್ವಾ!”

ಸೊಸೆ ನಗು ತಡೆದುಕೊಂಡು ಒಳಗೆ ಹೋದಳು. ನಾನು ನಗಲಿಲ್ಲ. ಕಲ್ಲುಗಳನ್ನು ಹಿತ್ತಲಿಗೆ ಒಯ್ದು ಬಿಸಿನೀರು, ವಾಷಿಂಗ್ ಸೋಡಾ ಹಾಕಿ ನೆನೆಸಿದೆ. ಬೆಳಿಗ್ಗೆ ತಿಕ್ಕಿ ತೊಳೆದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಾಲಾಗಿ ಇಟ್ಟೆ. ಕಪ್ಪೆಲ್ಲ ಹೋಗಿ ಬೂದಿ ಬಳಿದಂತಾಗಿದ್ದವು. ಬೀಗಿತ್ತಿ ಬಂದು ನೋಡಿ ಸೊಂಟಕ್ಕೆ ಕೈಯಿಟ್ಟರು.

“ನಮ್ಮೂರ್ ಕಲ್ಲ ಬಚ್ಲು ಪಕ್ದಲ್ಲಿ ಮಡಗಿದ್ದೀರಲ್ರೀ. ನಮ್ಮನ್ನೂ ಇಲ್ಲೇ ಮಡಗ್ಬುಡಿ.”

“ಇನ್ನೂ ಎರಡು ಸಲ ನೆನೀಬೇಕು. ಯಾರೂ ಮುಟ್ಟಬೇಡಿ” ಎಂದಷ್ಟೇ ಹೇಳಿದೆ.

ಅವತ್ತು ಅರಕಲಗೂಡಿನಲ್ಲಿ ನೆಂಟರ ಮನೆಯ ನಾಮಕರಣ. ಮಗನ ಜೊತೆ ಹೋದೆ. ಸೊಸೆ ಕೆಲಸಕ್ಕೆ ಹೋದಳು. ಮನೆಯಲ್ಲಿ ಬೀಗಿತ್ತಿಯೊಬ್ಬರೇ.

ಸಂಜೆ ಬಾಗಿಲು ತೆಗೆದಾಗ ಮೊದಲು ಕಂಡದ್ದು ತೊಟ್ಟಿ. ಕಲ್ಲುಗಳು ಒಳಗೆ ನಿಂತಿದ್ದವು, ಕಪ್ಪಗೆ, ಲಕಲಕ ಹೊಳೆಯುತ್ತ. ನೀರಿನ ಮೇಲೆ ಬಣ್ಣಬಣ್ಣದ ಪದರ. ಜೋಡಿ ಮೀನು ಮೇಲಕ್ಕೆ ಬಂದು ಬಾಯಿ ತೆರೆತೆರೆದು ಒದ್ದಾಡುತ್ತಿದ್ದವು.

“ಮತ್ತೆ ಎಣ್ಣೆ ಹಚ್ಚಿದಿರಾ?”

“ಪೇಲವಾಗಿ ಸತ್ತೋದಂಗಿದ್ವು. ಅಂಗೇ ಬುಡಾಕಾಯ್ತದಾ? ವಸಿ ಮುಟ್ಟಿಸ್ದೆ, ಬಟ್ಟೇಲಿ ಒರ‍್ಸೂ ಒರ‍್ಸಿವ್ನಿ.”

ಸೀರೆಯ ಸೆರಗು ಸಿಕ್ಕಿಸಿಕೊಂಡು ಕಲ್ಲುಗಳನ್ನು ಹೊರಗೆ ತೆಗೆದೆ. ಗಾಳಿಯ ಮೋಟರನ್ನು ಜೋರು ಮಾಡಿದೆ. ಅಷ್ಟರಲ್ಲಿ ಸೊಸೆಯೂ ಬಂದಳು. ಹೆಗಲ ಬ್ಯಾಗನ್ನು ನೆಲಕ್ಕೆ ಹಾಕಿ, ಕ್ಲೋರಿನ್ ಹೋಗಲೆಂದು ನಾನು ಯಾವಾಗಲೂ ಹಿಡಿದಿಡುವ ಹಳೆ ನೀರಿನ ಬಕೆಟ್ಟುಗಳನ್ನು ಎತ್ತಿ ತಂದಳು. ಅರ್ಧ ನೀರು ಬದಲಿಸಿದೆವು. ಉಳಿದ ಪದರಕ್ಕೆ ದಿನಪತ್ರಿಕೆಯ ಹಾಳೆ ಹಾಸುವುದು, ಎಣ್ಣೆ ಹೀರಿದ ಮೇಲೆ ಎಳೆದು ಬಿಸಾಡುವುದು, ಇನ್ನೊಂದು ಹಾಸುವುದು.

“ನೀವು ಪೇಪರ್ ಹರೀರಿ” ಎಂದು ಬೀಗಿತ್ತಿಗೆ ಹೇಳಿದೆ.

ಹರಿದರು. ಬಾಯಿ ಮಾತ್ರ ನಿಲ್ಲಲಿಲ್ಲ. “ಮನ್ಸರಿಗೂ ಇಂಗ್ ಮಾಡಾಕಿಲ್ಲ ಕಣ್ರಪ್ಪಾ. ನಾನು ಜ್ವರ ಬಂದ್ ಬಿದ್ದಿದ್ದಾಗ ಒಂದ್ ಫೋನಾದ್ರೂ ಮಾಡಿದ್ರಾ?”

“ಮಾಡಿದ್ದೆ. ನೀವು ಎತ್ತಲಿಲ್ಲ.”

“ಜ್ವರದೋಳು ಎಂಗ್ರೀ ಎತ್ತಾಳು?”

“ಅವ್ವಾ, ಹರಿ ಸುಮ್ನೆ” ಎಂದಳು ಸೊಸೆ.

ಬೆಳಿಗ್ಗೆ ಗಂಡು ಮೀನು ನೆಟ್ಟಗೆ ಈಜುತ್ತಿತ್ತು. ಹೆಣ್ಣು ಫಿಲ್ಟರಿನ ಪಕ್ಕ ವಾಲಿಕೊಂಡಿತ್ತು. ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ಹೊಟ್ಟೆ ಹಾಗೆಯೇ ಉಬ್ಬಿತ್ತು.

ಬೀಗಿತ್ತಿ ಕಾಫಿ ಲೋಟ ಹಿಡಿದು ಬಂದು ನೋಡಿದರು. “ಅಯ್ಯೋ. ಓಗ್ಲಿ ಬುಡಿ, ಇನ್ನೊಂದ್ ತಂದ್ಕೊಡ್ತೀನಿ.”

ಅಂಗಡಿಯಲ್ಲಿ ಮೀನು ಸಿಗುತ್ತದೆ. ಬೇರೆ ಹೆಣ್ಣನ್ನು ತಂದರೆ ಈ ಗಂಡು ಒಪ್ಪದೆ ಕಚ್ಚಿ ಕೊಂದರೂ ಕೊಂದಿತು. ಅದನ್ನೆಲ್ಲ ಅವರಿಗೆ ವಿವರಿಸಲು ನನಗೆ ಮನಸ್ಸಾಗಲಿಲ್ಲ. “ಬಸ್ಸು ಎಷ್ಟು ಹೊತ್ತಿಗೆ?” ಎಂದೆ. ಅವರ ಮುಖ ಕೆಂಪಾಯಿತು. ಸೊಸೆಯ ಕೈಯಿಂದ ಅರಿಸಿನ ಕುಂಕುಮ ಕೊಡಿಸಿದೆ; ಕ್ರಮ ತಪ್ಪಿಸಲಿಲ್ಲ. ಕಲ್ಲುಗಳನ್ನು ಮಾತ್ರ ಅವರದೇ ಚೀಲಕ್ಕೆ ನಾನೇ ತುಂಬಿದೆ. ಚಪ್ಪಟೆಯ ಕಲ್ಲಿಗೆ ಕೈ ಹಾಕಿದಾಗ ಸೊಸೆ ಅದನ್ನು ಎತ್ತಿಕೊಂಡುಬಿಟ್ಟಳು.

“ಇದೊಂದು ಇರಲಿ ಅತ್ತೆ. ಗಂಡು ಇದೆಯಲ್ಲ. ಮುಂದೆ ಜೊತೆ ಮಾಡಿದ್ರೆ ನಿಂತ ಕಲ್ಲು ಬೇಕೇ ಬೇಕು.”

ನಾನು ಚೀಲದ ಬಾಯಿ ಕಟ್ಟಿದೆ. ಆ ಕಲ್ಲಿಗಿಂತ ಒಳ್ಳೆಯದು ಆ ಕೆಲಸಕ್ಕೆ ಸಿಗುವುದು ಕಷ್ಟ.

ಈಗ ಅದು ಹಿತ್ತಲ ಬಕೆಟ್ಟಿನಲ್ಲಿದೆ. ಬೆಳಿಗ್ಗೆ ನೀರು ಬದಲಿಸುತ್ತೇನೆ. ಒಳಗೆ ಗಂಡು ಮೀನು ಒಂಟಿಯಾಗಿ ಗಾಜಿನ ಉದ್ದಕ್ಕೂ ಓಡಾಡುತ್ತದೆ. ಹೊಸ ಹೆಣ್ಣನ್ನು ಇನ್ನೂ ತಂದಿಲ್ಲ. ಕಲ್ಲು ಪಾಸಾಗದೆ ತರುವುದಿಲ್ಲ. ಬೀಗಿತ್ತಿ ಆಮೇಲೆ ನಮ್ಮ ಮನೆಗೆ ಕಾಲಿಟ್ಟಿಲ್ಲ. ಮಗಳಿಗೆ ಫೋನು ಮಾತ್ರ ತಪ್ಪುವುದಿಲ್ಲ. ನಿನ್ನೆಯೂ ಬಂದಿತ್ತು, ನಾವಿಬ್ಬರೂ ಹಿತ್ತಲಲ್ಲಿದ್ದಾಗ.

“ಕಲ್ಲು ನೀರ‍್ಗಿಳೀತೇನೆ?”

“ಇನ್ನೂ ಇಲ್ಲವ್ವಾ.”

“ಇಳ್ಸಾಕಿಲ್ಲ ಕಣೆ ನಿಮ್ಮತ್ತೆ. ನಾನ್ ಸಾಯಗಂಟ ಇಳ್ಸಾಕಿಲ್ಲ.”

“ಅವ್ವಾ, ಸ್ಪೀಕರಲ್ಲಿದೆ.”

“ಗೊತ್ತು, ಕೇಳ್ಲಿ ಅಂತಲೇ ಅಂದಿದ್ದು.”

ನಾನು ಬಗ್ಗಿ ಬಕೆಟ್ಟಿನ ನೀರನ್ನು ಬಿಸಿಲಿಗೆ ಓರೆಯಾಗಿ ನೋಡಿದೆ. ಅಂಚಿನಲ್ಲಿ ಎಣ್ಣೆಯ ಸಣ್ಣ ಮಿನುಗು. “ಇವತ್ತೂ ಆಗಲ್ಲ” ಎಂದೆ, ಹಳ್ಳಿಮೈಸೂರಿಗೆ ಕೇಳುವಷ್ಟು ಗಟ್ಟಿಯಾಗಿ, ಮತ್ತು ನೀರು ಚೆಲ್ಲಿದೆ.