ಹೊಸಿಲ ಮೇಲೆ ಕೇಳಬಾರದ ಮಾತು

ನಡೆದದ್ದು ಇಷ್ಟೇ: ನನ್ನ ಮೊಮ್ಮಗಳು ಪಲ್ಲವಿ ಗಾಲ್ಫ್ ಆಡುವವರನ್ನು ಕರೆದುಕೊಂಡು ಕಡಲ ದಡದ ಯಾವುದೋ ಊರಿಗೆ ಹೋದಳು, ಹೋದ ಹಾಗೇ ವಾಪಸು ಬಂದಳು. ಅಲ್ಲಿ ಏನೂ ಆಗಲಿಲ್ಲ. ಆದದ್ದೆಲ್ಲ ಚಾಮರಾಜನಗರದ ನಮ್ಮ ಮನೆಯೊಳಗೆ.

ಇವತ್ತು ದೀಪದ ಗೂಡು ಒರೆಸುವಾಗ ಕರ್ಪೂರದ ಡಬ್ಬಿಯ ಹಿಂದಿನಿಂದ ಅವಳು ತಂದುಕೊಟ್ಟ ಬಿಳಿ ಚೆಂಡು ಉರುಳಿ ಬಂತು. ನಿಂಬೆಹಣ್ಣಿನ ಗಾತ್ರ, ಮೈತುಂಬ ಸಿಡುಬಿನ ಕಲೆ. ದೇವರ ಪಕ್ಕ ಇದ್ಯಾಕೆ ಅಂತ ಕೇಳಬೇಡಿ. ಬೇರೆಲ್ಲಿಟ್ಟರೂ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಬಗ್ಗಿ ತೆಗೆಯುವವಳು ನಾನು.

ಪಲ್ಲವಿಗೆ ಮೈಸೂರಿನ ಒಂದು ಟ್ರಾವೆಲ್ಸ್‌ನಲ್ಲಿ ಕೆಲಸ. ಆ ಸಲ ಕೆಲವು ರಿಟೈರಾದ ಯಜಮಾನರಿಗೆ ಲಿಂಕ್ಸ್ ಎನ್ನುವ ಮೈದಾನದಲ್ಲೇ ಆಡಬೇಕೆಂಬ ಹಟ. ಸ್ಕಾಟ್ಲೆಂಡಿಗೆ ಹೋಗುವುದೋ ಐರ್ಲೆಂಡಿಗೋ ಅಂತ ಅವರಲ್ಲೇ ಜಗಳ. ಎರಡು ದೇಶಕ್ಕೂ ವೀಸಾ ಮಾಡಿಸಿಕೊಂಡು ಕೂತಿದ್ದರು. ಅವರಿಗೆ ಹೇಳಬೇಕಾದ್ದನ್ನೆಲ್ಲ ಇವಳು ಮೊದಲು ನನ್ನ ಮುಂದೆ ಹೇಳಿ ಪಳಗುತ್ತಿದ್ದಳು. ನಾನು ಅವರೆ ಸುಲಿಯುತ್ತ ಕೇಳುವುದು.

"ಲಿಂಕ್ಸ್ ಅಂದ್ರೆ ಕಡಲ್ಗೂ ಹೊಲುಕ್ಕೂ ಮಧ್ಯದ್ ಮರಳ್ ನೆಲ ಕಣಜ್ಜಿ. ಉಳಕ್ಕಾಗಲ್ಲ, ಮರ ಬರಲ್ಲ, ಬರೀ ಹುಲ್ಲು, ಗಾಳಿ."

"ಅಂಗಾರೆ ಕುರಿ ಬುಡದ್ ಬುಟ್ಟು ಚೆಂಡ್ಯಾಕ್ ಬುಟ್ಟವ್ರೆ?"

"ಮೊದ್ಲು ಕುರೀನೇ ಬುಡ್ತಿದ್ರಂತೆ."

ಹೀಗೆ ಕೂತಲ್ಲೇ ಎರಡು ದೇಶದ ನೆಲ ನನಗೆ ಗೊತ್ತಾಯಿತು. ಸ್ಕಾಟ್ಲೆಂಡಿನದು ಗಟ್ಟಿ ನೆಲ, ಹೊಡೆದ ಚೆಂಡು ಬಿದ್ದಮೇಲೂ ಓಡುತ್ತದೆ, ಎಲ್ಲ ಬಟಾಬಯಲು. ಐರ್ಲೆಂಡಿನಲ್ಲಿ ಮರಳೇ ಗುಡ್ಡವಾಗಿ ನಿಂತಿದೆ, ಮೇಲೆ ಮಂಡಿಯುದ್ದ ಹುಲ್ಲು. ಕೆಲವು ಕಡೆ ಕಡಿದ ಬಂಡೆಯ ಅಂಚಿನಲ್ಲೇ ಆಟ, ಕೆಳಗೆ ಸಮುದ್ರ. ನಾನು ಸಮುದ್ರ ಕಂಡವಳಲ್ಲ. ಗುಂಡ್ಲುಪೇಟೆ ಕಡೆಯ ನನ್ನ ತವರಿನಿಂದ ಗೋಪಾಲಸ್ವಾಮಿ ಬೆಟ್ಟ ಹತ್ತಿದವಳು. ಅದರ ನೆತ್ತಿಯ ಹುಲ್ಲು, ಸೆರಗು ಕೀಳುವ ಗಾಳಿ, ಎದುರಿಗಿದ್ದವರನ್ನೇ ನುಂಗುವ ಮಂಜು, ಇಷ್ಟಕ್ಕೆ ಒಂದು ದೊಡ್ಡ ಕೆರೆ ಸೇರಿಸಿಕೊಂಡೆ, ಆಯಿತು. ಆಡುವುದಾದರೆ ಸ್ಕಾಟ್ಲೆಂಡೇ ವಾಸಿ, ಬಿದ್ದರೆ ಎತ್ತುವವರಿಗಾದರೂ ಕಾಣಿಸುತ್ತದೆ ಅಂತ ನನ್ನ ತೀರ್ಮಾನವನ್ನೂ ಹೇಳಿದ್ದೆ.

ಯಜಮಾನರ ಜಗಳ ಹರಿದದ್ದು ಕೊನೇ ಗಳಿಗೆಯಲ್ಲಿ. ಬೆಳಿಗ್ಗೆ ಆಫೀಸಿನಿಂದ ಫೋನು, ಹಿಂದೆಯೇ ಬಾಗಿಲಲ್ಲಿ ಕಾರು. ಅವಳು ಪೆಟ್ಟಿಗೆ ಎತ್ತಿ ಹೊಸಿಲು ದಾಟುತ್ತಿದ್ದಾಗ ಅವಳ ತಾಯಿ, ನನ್ನ ಮಗಳು ರತ್ನ, ಒಳಗಿನಿಂದ ಓಡಿಬಂದು "ಎಲ್ಲಿ..." ಅಂತ ಬಾಯಿ ತೆರೆದಳು. ನಾನು ಅವಳ ತೊಡೆಗೆ ಚಿವುಟಿದೆ. ಹೊರಟವರನ್ನು ಎಲ್ಲಿಗೆ ಅಂತ ಕೇಳುವ ಮನೆಯಲ್ಲ ನಮ್ಮದು. ಕೇಳಿದರೆ ಹೋದ ಕೆಲಸ ಕೆಡುತ್ತದೆ, ಹೊರಟವರು ಒಳಗೆ ಬಂದು ಕೂತು ನೀರು ಕುಡಿದೇ ಮತ್ತೆ ಹೊರಡಬೇಕು. ಕೇಳಲೇಬೇಕಾದರೆ "ದೂರ ಹೊರಟ್ರಾ?" ಅನ್ನಬೇಕು. ರತ್ನ ಹಾಗೇ ಕೇಳಿದಳು. "ದೂರ ಕಣವ್ವ" ಅಂದು ಪಲ್ಲವಿ ಕಾರು ಹತ್ತಿದಳು.

ವಿಮಾನ ಇಳಿದ ತಕ್ಷಣ ಫೋನು ಮಾಡುತ್ತೇನೆ ಅಂದಿದ್ದಳು. ಮಾಡಲಿಲ್ಲ. ಮಾರನೆಯ ದಿನ ಭಾನುವಾರ. ನಾವು ಮಾಡಿದರೆ ಸ್ವಿಚ್ ಆಫ್. ಅವಳ ಆಫೀಸಿನ ಫೋನು ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ಮಧ್ಯಾಹ್ನದ ಟಿವಿಯಲ್ಲಿ ಐರ್ಲೆಂಡಿನ ಕಡಲ ದಡಕ್ಕೆ ಬಿರುಗಾಳಿ ಅಂತ ತೋರಿಸಿದರು. ಅಲೆ ರಸ್ತೆಗೇ ಬಂದು ಒಡೆಯುತ್ತಿತ್ತು.

ರತ್ನ ಕೈಯಲ್ಲಿದ್ದ ತಟ್ಟೆ ಇಟ್ಟಳು. "ಅವ್ವ, ಮಗು ಹೋಗಿರದು ಯಾವ್ ದೇಸ್ಕೆ?"

ನಾನು ಎದ್ದು ಟಿವಿ ಆರಿಸಿದೆ.

"ನೀನ್ ಕೇಳಕ್ ಬುಡ್ನಿಲ್ವಲ್ಲವ್ವ! ಲೋಕದೋರ್ಗೆಲ್ಲ ಮೊಮ್ಮಗ್ಳು ಫಾರಿನ್ನು ಫಾರಿನ್ನು ಅಂದ್ಕಂಡ್ ಬಂದೆ. ಯಾವ್ ಫಾರಿನ್ನು ಅಂತ ಈಗ ಹೇಳು."

"ಮಳೆಕೋಟ್ ತಗಂಡೋದ್ಲು."

"ಎಲ್ಡ್ ಕಡೀಕೂ ಮಳೆಕೋಟೇ ಬೇಕು ಅಂತ ಅವ್ಳೇ ಯೋಳ್ನಿಲ್ವಾ?"

ಹೇಳಿದ್ದಳು. ಅವಳು ಹೇಳಿದ್ದೆಲ್ಲ ಈಗ ಒಂದೊಂದಾಗಿ ನೆನಪಿಗೆ ಬರತೊಡಗಿತು. ಐರ್ಲೆಂಡಾದರೆ ಆ ಬಂಡೆಯ ಅಂಚು. ಮರಳುಗುಡ್ಡದ ಮರೆಯಲ್ಲಿ ಬಿದ್ದರೆ ಮಂಡಿಯುದ್ದದ ಹುಲ್ಲಿನಲ್ಲಿ ಯಾರಿಗೆ ಕಂಡೀತು? ಚೆಂಡೇ ಸಿಗುವುದಿಲ್ಲವಂತೆ. ಸ್ಕಾಟ್ಲೆಂಡಾದರೆ ಬಯಲು, ನಿಜ. ಆದರೆ ಬಯಲಲ್ಲಿ ಗಾಳಿ ಎದ್ದರೆ ಅವಿತುಕೊಳ್ಳಲು ಒಂದು ಮರವೂ ಇಲ್ಲ. ಅವರೆ ಸುಲಿಯುತ್ತ ವಾಸಿ ಅಂದಿದ್ದ ದೇಶವೂ ಈಗ ವಾಸಿಯಾಗಿ ಕಾಣಲಿಲ್ಲ. ಗೋಪಾಲಸ್ವಾಮಿಗೆ ಹರಕೆ ಕಟ್ಟೋಣವೆಂದು ಕೈ ಮುಗಿದೆ. ಎಲ್ಲಿರುವ ಮಗುವನ್ನು ಕಾಯಪ್ಪ ಅನ್ನಬೇಕೆಂದೇ ತೋಚಲಿಲ್ಲ. ಎರಡು ದೇಶದ ಹೆಸರನ್ನೂ ಹೇಳಿದೆ, ಆರಿಸಿಕೊಳ್ಳುವುದು ಅವನ ಪಾಡು. ಎದುರುಮನೆಯವಳು ಕಾಫಿಪುಡಿ ಕೇಳಲು ಬಂದವಳು ನಮ್ಮ ಮುಖ ನೋಡಿ ಬರಿಗೈಲೇ ಹೋದಳು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ರತ್ನ ಎತ್ತಿದಳು, ನಾನು ಕಿತ್ತುಕೊಂಡೆ.

"ಅಜ್ಜಿ, ಫೋನು ಯಜಮಾನ್ರ್ ಬ್ಯಾಗ್ ಜೊತೇಲಿ ಬಸ್ಸಲ್ಲೇ ಉಳ್ಕಂಡ್ಬುಟ್ಟಿತ್ತು. ಈಗ್ ಸಿಕ್ತು. ಎದ್ರುಕಂಡ್ರಾ?"

"ನಾನ್ಯಾಕ್ ಎದ್ರುಕಳನೆ? ಎಲ್ಲಿದ್ದೀಯಮ್ಮಿ?"

"ಸ್ಕಾಟ್ಲೆಂಡು. ಹೇಳಿರ್ನಿಲ್ವಾ?"

"ಯಾರ್ಗೇಳಿದ್ದೆ?"

ಅವಳ ಹಿಂದೆ ಗಾಳಿಯ ಸದ್ದು. ಥೇಟು ಬೆಟ್ಟದ ಗಾಳಿ. ಅವಳೆಂದಳು, "ಯಾರೂ ಕೇಳ್ನೇ ಇಲ್ವಲ್ಲಜ್ಜಿ."

ರತ್ನ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಹೋಗಿ ಒಲೆ ಹಚ್ಚಿದಳು.

ಮಾರನೆಯ ಬೆಳಿಗ್ಗೆ ರತ್ನ ಊಟದ ಡಬ್ಬಿ ಹಿಡಿದು ಬದನಗುಪ್ಪೆಯ ಫ್ಯಾಕ್ಟರಿಗೆ ಹೊರಟಳು. ವರ್ಷಗಟ್ಟಲೆಯಿಂದ ಅವಳು ಹೋಗುವುದು ಅಲ್ಲಿಗೇ. ಒಂದು ಕಾಲು ಹೊಸಿಲಿನ ಆಚೆ ಇಟ್ಟಿದ್ದಳು. ನಾನು ಪೊರಕೆ ಕೆಳಗಿಟ್ಟು ಕೇಳಿದೆ, "ಎಲ್ಲಿಗಮ್ಮಿ ಹೊರಟೆ?"

ಅವಳು ಹಾಗೇ ನಿಂತಳು. ನಾನೇ ಕಲಿಸಿದ್ದಲ್ಲವೇ, ಒಳಗೆ ಬಂದು ಡಬ್ಬಿ ಇಟ್ಟು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಎದ್ದಳು. ಅವಳು ಹೊಸಿಲ ಹತ್ತಿರ ಬರುವವರೆಗೂ ಕಾದಿದ್ದು, ಕೆಲಸ ಕೆಟ್ಟರೆ ಕೆಡಲಿ ಅಂತ ಮತ್ತೆ ಕೇಳಿದೆ.